ಸ್ವಯಂಮುಚ್ಚುವ ಕವಾಟ (ಗಾಳಿ ತುಂಬುವ ವಸ್ತುಗಳು)

ಸ್ವಯಂಮುಚ್ಚುವ ಕವಾಟವೆಂದರೆ ಗಾಳಿ, ಬೇರೆ ಅನಿಲ ಅಥವಾ ನೀರನ್ನು ಒಂದು ಚೀಲದೊಳಕ್ಕೆ ಬಿಟ್ಟುಕೊಂಡು, ತುಂಬುವುದು ನಿಂತ ಕೂಡಲೇ ತಾನಾಗಿಯೇ ಮುಚ್ಚಿಕೊಳ್ಳುವ ಸಾಧನ. ಸೈಕಲ್ ಮತ್ತು ಮೋಟಾರು ವಾಹನಗಳ ಚಕ್ರ, ಕಾಲ್ಚೆಂಡು, ಗಾಳಿಹಾಸಿಗೆ, ರಬ್ಬರ್ ದೋಣಿ, ಜೀವರಕ್ಷಕ ಜಾಕೆಟ್, ಲೋಹಲೇಪಿತ ಬಲೂನು, ಆಸ್ಪತ್ರೆಯಲ್ಲಿ ಬಳಸುವ ಬಲೂನುಳ್ಳ ನಳಿಕೆಗಳು ಇವೆಲ್ಲವೂ ಇಂತಹ ಕವಾಟವನ್ನು ಅವಲಂಬಿಸಿವೆ. ತಾಂತ್ರಿಕವಾಗಿ ಇದು ಏಕಮುಖ ಕವಾಟಗಳ ಒಂದು ವರ್ಗ. ಕೊಳವೆ ಮಾರ್ಗದ ಏಕಮುಖ ಕವಾಟವು ಹಿಮ್ಮುಖ ಹರಿವನ್ನು ತಡೆದರೆ ಅದರ ಕೆಲಸ ಮುಗಿಯಿತು. ಗಾಳಿಚೀಲದ ಕವಾಟವಾದರೋ ತುಂಬಿದ ಗಾಳಿಯನ್ನು ಗಂಟೆಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳಬೇಕು. ಬೇಕೆಂದಾಗ ಅದೇ ಗಾಳಿಯನ್ನು ಹೊರಬಿಡಲೂ ಬೇಕು.

ಸುಲಭವಾಗಿ ತೆರೆಯುವುದು, ಬಿಗಿಯಾಗಿ ಮುಚ್ಚುವುದು, ಬೇಕಾದಾಗ ಬಿಟ್ಟುಕೊಡುವುದು ಎಂಬ ಮೂರು ಗುಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಇವುಗಳ ನಡುವೆ ಹೊಂದಾಣಿಕೆ ಸಾಧಿಸುವುದೇ ಈ ಕವಾಟದ ವಿನ್ಯಾಸದ ಮುಖ್ಯ ಸಮಸ್ಯೆ.

ಇತಿಹಾಸ

ಪ್ರಾಚೀನ ಬಳಕೆ

ಗಾಳಿ ತುಂಬಿದ ಚೀಲಗಳ ಬಳಕೆ ಬಹಳ ಹಳೆಯದು. ಅಸ್ಸೀರಿಯದ ದೊರೆ ಎರಡನೆಯ ಅಶೂರ್‌ನಾಸಿರ್‌ಪಾಲನ ನಿಮ್ರೂದ್ ಅರಮನೆಗೆ ಸೇರಿದ, ಕ್ರಿಸ್ತಪೂರ್ವ 9ನೆಯ ಶತಮಾನದ ಉಬ್ಬುಶಿಲ್ಪಗಳಲ್ಲಿ ಸೈನಿಕರು ಗಾಳಿ ತುಂಬಿದ ಪ್ರಾಣಿಚರ್ಮದ ಮೇಲೆ ನದಿ ದಾಟುವ ದೃಶ್ಯವಿದೆ. ಇಂತಹ ಚೀಲಗಳ ಬಾಯನ್ನು ಕೈಯಿಂದ ಹಿಡಿದುಕೊಳ್ಳಬೇಕಿತ್ತು ಅಥವಾ ದಾರದಿಂದ ಕಟ್ಟಬೇಕಿತ್ತು.

ತಾನಾಗಿ ಮುಚ್ಚಿಕೊಳ್ಳುವ ಕವಾಟದ ತತ್ತ್ವವು ಕಮ್ಮಾರರ ತಿದಿಯಲ್ಲಿ ಬಹು ಹಿಂದಿನಿಂದಲೂ ಇದೆ. ಮರ ಮತ್ತು ತೊಗಲಿನಿಂದ ಮಾಡಿದ ತಿದಿಯಲ್ಲಿ ಗಾಳಿ ಒಳಬರುವ ರಂಧ್ರಕ್ಕೆ ಒಳಗಡೆಯಿಂದ ತೊಗಲಿನ ಒಂದು ಪಟ್ಟಿಯನ್ನು ಒಂದೇ ಅಂಚಿನಲ್ಲಿ ಬಿಗಿದಿರುತ್ತಾರೆ. ತಿದಿಯನ್ನು ಹಿಗ್ಗಿಸಿದಾಗ ಪಟ್ಟಿ ಮೇಲೆದ್ದು ಗಾಳಿ ಒಳನುಗ್ಗುತ್ತದೆ. ಅದುಮಿದಾಗ ಅದೇ ಗಾಳಿ ಪಟ್ಟಿಯನ್ನು ರಂಧ್ರಕ್ಕೆ ಒತ್ತಿ ಹಿಡಿಯುವುದರಿಂದ ಗಾಳಿಗೆ ಕುಲುಮೆಯ ಕಡೆಯಲ್ಲದೆ ಬೇರೆ ದಾರಿ ಇರುವುದಿಲ್ಲ. ಹಾರ್ಮೋನಿಯಂ ವಾದ್ಯದ ತಿದಿಯಲ್ಲಿಯೂ ಇದೇ ವ್ಯವಸ್ಥೆಯಿದೆ. ಬಾಯಿಂದ ಊದಿ ನುಡಿಸುವ ಬ್ಯಾಗ್‌ಪೈಪ್ ವಾದ್ಯದ ಊದುಗೊಳವೆಯ ತುದಿಯಲ್ಲಿ ಇಂತಹ ಒಂದು ನಾಲಗೆ ಇರುವುದರಿಂದಲೇ ವಾದಕನು ಉಸಿರು ತೆಗೆದುಕೊಳ್ಳುವಾಗ ಚೀಲದ ಗಾಳಿ ಅವನ ಬಾಯಿಗೆ ಮರಳುವುದಿಲ್ಲ.

ಪ್ರಾಣಿದೇಹದಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಹೃದಯದ ಕವಾಟಗಳು ಮತ್ತು ಕಾಲಿನ ಅಭಿಧಮನಿಗಳೊಳಗಿನ ಕವಾಟಗಳು ತೆಳುವಾದ ಪೊರೆಗಳಷ್ಟೆ. ರಕ್ತವು ಹಿಂದಕ್ಕೆ ಹರಿಯತೊಡಗಿದರೆ ಆ ಹರಿವೇ ಅವುಗಳನ್ನು ಮುಚ್ಚುತ್ತದೆ. ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ನಿರೂಪಿಸಿದಾಗ ಅಭಿಧಮನಿಗಳ ಏಕಮುಖ ಕವಾಟಗಳು ಅವನಿಗೆ ಮುಖ್ಯ ಆಧಾರಗಳಲ್ಲೊಂದಾಗಿದ್ದವು.

ಗಾಳಿಚಕ್ರದ ಯುಗ

ಈ ಕವಾಟಕ್ಕೆ ಆಧುನಿಕ ರೂಪ ದೊರೆತದ್ದು ಗಾಳಿ ತುಂಬಿದ ಚಕ್ರಗಳಿಂದ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1840ರ ದಶಕದಲ್ಲಿಯೇ ಗಾಳಿಚಕ್ರಕ್ಕೆ ಹಕ್ಕುಸ್ವಾಮ್ಯ ಪಡೆದಿದ್ದನಾದರೂ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಸೈಕಲ್ಲಿಗಾಗಿ ಗಾಳಿಚಕ್ರವನ್ನು ಮತ್ತೆ ರೂಪಿಸಿದ ಮೇಲೆ ಗಾಳಿಯನ್ನು ಸುಲಭವಾಗಿ ತುಂಬಿ ಹಿಡಿದಿಡುವ ಕವಾಟದ ಅಗತ್ಯ ತಲೆದೋರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಇಂದಿಗೂ ಉಳಿದಿರುವ ಮೂರು ಮಾದರಿಗಳು ಬಳಕೆಗೆ ಬಂದವು: ಇಂಗ್ಲೆಂಡಿನ ವುಡ್ಸ್ ಕವಾಟ, ಅಮೆರಿಕದ ಶ್ರೇಡರ್ ಕವಾಟ ಮತ್ತು ಫ್ರಾನ್ಸಿನ ಪ್ರೆಸ್ಟಾ ಕವಾಟ. ಶ್ರೇಡರ್ ಮನೆತನದ ಉದ್ಯಮವನ್ನು ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಆಗಸ್ಟ್ ಶ್ರೇಡರ್ 1844ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದನು. ಚಕ್ರದ ಕವಾಟಕ್ಕೆ ಹಕ್ಕುಸ್ವಾಮ್ಯ ದೊರೆತದ್ದು 1893ರಲ್ಲಿ.

ಚೆಂಡು ಮತ್ತು ಬಲೂನು

ಹಳೆಯ ಕಾಲ್ಚೆಂಡಿನಲ್ಲಿ ಒಳಗಿನ ಬ್ಲಾಡರಿನ ಬಾಯಿಗೆ ಉದ್ದನೆಯ ರಬ್ಬರ್ ಕೊಳವೆಯಿರುತ್ತಿತ್ತು. ಗಾಳಿ ತುಂಬಿದ ಮೇಲೆ ಅದನ್ನು ಮಡಿಸಿ ಕಟ್ಟಿ, ಚರ್ಮದ ಸೀಳಿನೊಳಗೆ ತುರುಕಿ, ಮೇಲೆ ದಾರದಿಂದ ಹೆಣೆಯಬೇಕಾಗಿತ್ತು. ಆ ಹೆಣಿಗೆಯ ಉಬ್ಬಿನಿಂದ ಚೆಂಡು ಅಡ್ಡಾದಿಡ್ಡಿ ಪುಟಿಯುತ್ತಿತ್ತು. ತಲೆಯಿಂದ ಹೊಡೆಯುವ ಆಟಗಾರರಿಗೆ ಗಾಯವೂ ಆಗುತ್ತಿತ್ತು. 1931ರಲ್ಲಿ ಅರ್ಜೆಂಟೀನಾದ ಬೆಲ್ ವಿಲೆ ಪಟ್ಟಣದ ರೊಮಾನೊ ಪೋಲೊ, ಅಂತೋನಿಯೊ ತೊಸೊಲಿನಿ ಮತ್ತು ಹುವಾನ್ ವಾಲ್ಬೊನೇಸಿ ಎಂಬ ಮೂವರು ಸೂಜಿಯಿಂದ ಗಾಳಿ ತುಂಬಬಹುದಾದ, ಹೆಣಿಗೆಯಿಲ್ಲದ ಚೆಂಡನ್ನು ರೂಪಿಸಿದರು.

ಲೋಹಲೇಪಿತ ಪ್ಲಾಸ್ಟಿಕ್ ಬಲೂನುಗಳು 1970ರ ದಶಕದಲ್ಲಿ ಬಂದ ನಂತರ ತೆಳುಹಾಳೆಯ ಕವಾಟಗಳು ಬೆಳೆದವು. ನೀರು ತುಂಬಿ ಎಸೆಯುವ ಆಟದ ಬಲೂನುಗಳಿಗೆ ತಾನಾಗಿ ಮುಚ್ಚುವ ವ್ಯವಸ್ಥೆಯನ್ನು ಅಮೆರಿಕದ ಜಾಶ್ ಮಲೋನ್ 2014ರಲ್ಲಿ ಮಾರುಕಟ್ಟೆಗೆ ತಂದನು. ಹಲವಾರು ಬಲೂನುಗಳನ್ನು ಒಂದೇ ನಲ್ಲಿಗೆ ಜೋಡಿಸಿ ಒಮ್ಮೆಲೇ ತುಂಬುವ ಈ ಸಾಧನದ ಹಕ್ಕುಸ್ವಾಮ್ಯದ ಬಗ್ಗೆ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಕಾರ್ಯತತ್ತ್ವ

ಪ್ರತಿಯೊಂದು ಕವಾಟದಲ್ಲಿಯೂ ಎರಡು ಮುಖ್ಯ ಭಾಗಗಳಿರುತ್ತವೆ: ಸ್ಥಿರವಾದ ಪೀಠ ಮತ್ತು ಅದರ ಮೇಲೆ ಕೂರುವ ಚಲಿಸುವ ಮುಚ್ಚಳ. ಪಂಪಿನ ಒತ್ತಡವು ಚೀಲದೊಳಗಿನ ಒತ್ತಡಕ್ಕಿಂತ ಒಂದು ನಿರ್ದಿಷ್ಟ ಪ್ರಮಾಣದಷ್ಟು ಹೆಚ್ಚಾದಾಗ ಮುಚ್ಚಳ ಪೀಠದಿಂದ ಸರಿಯುತ್ತದೆ. ಈ ಹೆಚ್ಚಳವನ್ನು ತೆರೆಯುವ ಒತ್ತಡವೆನ್ನುತ್ತಾರೆ. ಪಂಪು ನಿಂತೊಡನೆ ಮುಚ್ಚಳವನ್ನು ಪೀಠಕ್ಕೆ ಮರಳಿಸುವ ಬಲ ಮೂರು ಮೂಲಗಳಿಂದ ಬರಬಹುದು: ಸ್ಪ್ರಿಂಗ್, ಮುಚ್ಚಳದ ವಸ್ತುವಿನ ಸ್ವಂತ ಸ್ಥಿತಿಸ್ಥಾಪಕತೆ, ಚೀಲದೊಳಗಿನ ಒತ್ತಡ. ಬಹುತೇಕ ಕವಾಟಗಳಲ್ಲಿ ಇವುಗಳಲ್ಲಿ ಎರಡಾದರೂ ಜೊತೆಯಾಗಿ ಕೆಲಸ ಮಾಡುತ್ತವೆ.

ಒಳಗಿನ ಒತ್ತಡವು ಮುಚ್ಚಳವನ್ನು ಅದುಮುವ ಬಲವು ಒತ್ತಡ ಮತ್ತು ಮುಚ್ಚಳದ ವಿಸ್ತೀರ್ಣಗಳ ಗುಣಲಬ್ಧ. 4 ಮಿಲಿಮೀಟರ್ ವ್ಯಾಸದ ಮುಚ್ಚಳದ ವಿಸ್ತೀರ್ಣ ಸುಮಾರು 12.6 ಚದರ ಮಿಲಿಮೀಟರ್. ಕಾರಿನ ಚಕ್ರದಲ್ಲಿರುವಂತೆ ಸುಮಾರು 200 ಕಿಲೋಪಾಸ್ಕಲ್ ಒತ್ತಡವಿದ್ದರೆ ಅದರ ಮೇಲೆ 2.5 ನ್ಯೂಟನ್, ಎಂದರೆ ಸುಮಾರು 250 ಗ್ರಾಂ ತೂಕದಷ್ಟು ಬಲ ಬೀಳುತ್ತದೆ. 3 ಕಿಲೋಪಾಸ್ಕಲ್ ಒತ್ತಡದ ಗಾಳಿಹಾಸಿಗೆಗೆ ಇದೇ ಕವಾಟವನ್ನು ಜೋಡಿಸಿದರೆ ಬೀಳುವ ಬಲ 4 ಗ್ರಾಂ ತೂಕದಷ್ಟು ಮಾತ್ರ. ಮುಚ್ಚಳದ ವ್ಯಾಸವನ್ನು 20 ಮಿಲಿಮೀಟರಿಗೆ ಹಿಗ್ಗಿಸಿದರೆ ಬಲವು ಸುಮಾರು 0.94 ನ್ಯೂಟನ್ ಆಗುತ್ತದೆ. ಆದರೆ ಮುಚ್ಚಬೇಕಾದ ಅಂಚಿನ ಉದ್ದವೂ ಐದು ಪಟ್ಟು ಬೆಳೆಯುತ್ತದೆ. ಅಂಚಿನ ಪ್ರತಿ ಮಿಲಿಮೀಟರಿಗೆ ಕಾರಿನ ಕವಾಟದಲ್ಲಿ 0.2 ನ್ಯೂಟನ್ ಬಲ ದೊರೆತರೆ, ಹಾಸಿಗೆಯ ದೊಡ್ಡ ಕವಾಟದಲ್ಲಿ 0.015 ನ್ಯೂಟನ್ ಮಾತ್ರ ದೊರೆಯುತ್ತದೆ. ಸುಮಾರು ಹದಿಮೂರನೆಯ ಒಂದು ಭಾಗ.

ಹೆಚ್ಚಿನ ಒತ್ತಡದ ಗಾಳಿಯನ್ನು ಹಿಡಿಯುವುದಕ್ಕಿಂತ ಕಡಿಮೆ ಒತ್ತಡದ ಗಾಳಿಯನ್ನು ಹಿಡಿಯುವುದು ಕೆಲವು ದೃಷ್ಟಿಯಿಂದ ಕಠಿಣವೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ಚಕ್ರದಲ್ಲಿ ಗಾಳಿಯೇ ಕವಾಟವನ್ನು ಬಿಗಿಯುತ್ತದೆ. ಹಾಸಿಗೆ, ಈಜುಕೊಳದ ಆಟಿಕೆ ಮುಂತಾದವುಗಳಲ್ಲಿ ಆ ನೆರವು ಅತ್ಯಲ್ಪವಾದುದರಿಂದ ಮೃದುವಾದ ಮುಚ್ಚಳ, ನಯವಾದ ಪೀಠ ಮತ್ತು ಮೇಲೊಂದು ಬಿರಡೆ ಅನಿವಾರ್ಯವಾಗುತ್ತವೆ.

ಪ್ರಕಾರಗಳು

ರಬ್ಬರ್ ತೋಳಿನ ಕವಾಟ

ವುಡ್ಸ್ ಕವಾಟವನ್ನು ಡನ್‌ಲಪ್ ಕವಾಟವೆಂದೂ ಕರೆಯುತ್ತಾರೆ. ಭಾರತದ ಸಾಮಾನ್ಯ ಸೈಕಲ್ಲುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಇದೇ. ಲೋಹದ ಸಣ್ಣ ನಳಿಕೆಯ ಪಕ್ಕದಲ್ಲಿ ಒಂದು ರಂಧ್ರವಿದ್ದು, ಅದರ ಮೇಲೆ ಬಿಗಿಯಾದ ರಬ್ಬರ್ ತೋಳನ್ನು ತೊಡಿಸಿರುತ್ತಾರೆ. ಕನ್ನಡನಾಡಿನ ಸೈಕಲ್ ಅಂಗಡಿಗಳಲ್ಲಿ ಈ ತೋಳಿಗೆ ವಾಲ್‌ಟ್ಯೂಬ್ ಎಂದೇ ಹೆಸರು. ಪಂಪಿನ ಗಾಳಿ ರಬ್ಬರನ್ನು ಹಿಗ್ಗಿಸಿ ಒಳಹೋಗುತ್ತದೆ. ಬಳಿಕ ರಬ್ಬರು ಕುಗ್ಗಿ ರಂಧ್ರವನ್ನು ಅಪ್ಪಿಕೊಳ್ಳುತ್ತದೆ. ರಚನೆ ಸರಳ, ಬೆಲೆ ಅತ್ಯಲ್ಪ, ದುರಸ್ತಿಗೆ ವಿಶೇಷ ಉಪಕರಣ ಬೇಡ. ಆದರೆ ಪ್ರತಿ ಬಾರಿಯೂ ರಬ್ಬರನ್ನು ಹಿಗ್ಗಿಸಬೇಕಾದುದರಿಂದ ಪಂಪು ಹೊಡೆಯುವುದು ಶ್ರಮದಾಯಕ. ಮುಚ್ಚಿದ ತೋಳಿನ ಆಚೆಗಿನ ಒತ್ತಡ ಹೊರಗಿನ ಮಾಪಕಕ್ಕೆ ತಲುಪದ ಕಾರಣ ಚಕ್ರದ ಒತ್ತಡವನ್ನು ನಿಖರವಾಗಿ ಅಳೆಯಲಾಗದು. ರಬ್ಬರು ಹಳತಾಗಿ ಬಿರಿದಾಗ ಗಾಳಿ ಸೋರುತ್ತದೆ.

ಸ್ಪ್ರಿಂಗ್ ಕವಾಟ

ಶ್ರೇಡರ್ ಕವಾಟದಲ್ಲಿ ಸಣ್ಣ ಕಡ್ಡಿಯೊಂದರ ತುದಿಗೆ ರಬ್ಬರ್ ಮುಚ್ಚಳವಿದ್ದು, ಸ್ಪ್ರಿಂಗ್ ಅದನ್ನು ಪೀಠಕ್ಕೆ ಎಳೆದಿಟ್ಟಿರುತ್ತದೆ. ಪಂಪಿನ ಬಾಯಿಯಲ್ಲಿರುವ ಮೊಳೆಯು ಕಡ್ಡಿಯನ್ನು ಒಳಕ್ಕೆ ಅದುಮುತ್ತದೆ. ಇದರಿಂದ ಗಾಳಿ ತುಂಬುವುದೂ, ಒತ್ತಡ ಅಳೆಯುವುದೂ, ಗಾಳಿ ಬಿಡುವುದೂ ಒಂದೇ ದ್ವಾರದಲ್ಲಿ ಸಾಧ್ಯ. ಒಳತಿರುಳನ್ನು ತಿರುಗಿಸಿ ಹೊರತೆಗೆದು ಹೊಸದನ್ನು ಹಾಕಬಹುದು. ಕಾರು, ಮೋಟಾರುಸೈಕಲ್ಲುಗಳಲ್ಲಿ ಇದು ಸಾರ್ವತ್ರಿಕ. ಚಕ್ರ ವೇಗವಾಗಿ ತಿರುಗುವಾಗ ಕೇಂದ್ರಾಪಗಾಮಿ ಬಲವು ಕಡ್ಡಿಯನ್ನು ಚಕ್ರದ ಅಂಚಿನ ಕಡೆಗೆ, ಎಂದರೆ ಕವಾಟ ತೆರೆಯುವ ದಿಕ್ಕಿಗೇ ತಳ್ಳುತ್ತದೆ. ಸ್ಪ್ರಿಂಗ್ ಮತ್ತು ಗಾಳಿಯ ಒತ್ತಡಗಳು ಈ ಬಲವನ್ನು ಮೀರಿರಬೇಕು. ಕವಾಟದ ಮೇಲಿನ ಟೋಪಿಯು ಧೂಳನ್ನು ತಡೆಯುವುದಲ್ಲದೆ ಎರಡನೆಯ ಮುಚ್ಚಳವಾಗಿಯೂ ಕೆಲಸ ಮಾಡುತ್ತದೆ.

ಗಾಳಿ ತುಂಬುವ ದೋಣಿ ಮತ್ತು ತೇಲುಹಲಗೆಗಳಲ್ಲಿ ಬಳಸುವ ಹಾಲ್ಕಿ–ರಾಬರ್ಟ್ಸ್ ಮಾದರಿಯ ಕವಾಟವೂ ಸ್ಪ್ರಿಂಗಿನದೇ, ಆದರೆ ಗಾತ್ರದಲ್ಲಿ ದೊಡ್ಡದು. ಅದರ ನಡುವಿನ ಗುಂಡಿಯನ್ನು ಒತ್ತಿ ತಿರುಗಿಸಿದರೆ ಕವಾಟ ತೆರೆದೇ ನಿಲ್ಲುತ್ತದೆ. ಇದರಿಂದ ದೊಡ್ಡ ದೋಣಿಯ ಗಾಳಿಯನ್ನು ಬೇಗನೆ ಹೊರಹಾಕಬಹುದು.

ಸ್ಪ್ರಿಂಗ್ ಇಲ್ಲದ ಕವಾಟ

ಪ್ರೆಸ್ಟಾ ಕವಾಟವನ್ನು ಫ್ರಾನ್ಸಿನ ಏತಿಯೆನ್ ಸ್ಕ್ಲಾವೆರಾಂ ರೂಪಿಸಿದನು. ಇದರಲ್ಲಿ ಸ್ಪ್ರಿಂಗ್ ಇಲ್ಲ. ಚಕ್ರದೊಳಗಿನ ಒತ್ತಡವೇ ಮುಚ್ಚಳವನ್ನು ಹಿಡಿದಿಡುತ್ತದೆ, ತುದಿಯಲ್ಲಿರುವ ಸಣ್ಣ ತಿರುಪು ಅದನ್ನು ಭದ್ರಪಡಿಸುತ್ತದೆ. ಇದರ ಕಾಂಡ ಸುಮಾರು 6 ಮಿಲಿಮೀಟರ್ ದಪ್ಪವಿದ್ದು, ಶ್ರೇಡರ್ ಕವಾಟಕ್ಕಿಂತ ತೆಳ್ಳಗಿರುವುದರಿಂದ ಪಂದ್ಯದ ಸೈಕಲ್ಲುಗಳ ಕಿರಿದಾದ ರಿಮ್ಮಿಗೆ ಹೊಂದುತ್ತದೆ.

ನಾಲಗೆ ಕವಾಟ

ಕಡಲತೀರದ ಚೆಂಡು ಮತ್ತು ಮಕ್ಕಳ ಈಜುಬಳೆಗಳಲ್ಲಿ ಮೃದು ಪ್ಲಾಸ್ಟಿಕ್ಕಿನ ಕಾಂಡದೊಳಗೆ ಒಂದು ಚಿಕ್ಕ ನಾಲಗೆಯಿರುತ್ತದೆ. ಊದುವಾಗ ಕಾಂಡದ ಬುಡವನ್ನು ಬೆರಳುಗಳಿಂದ ಹಿಸುಕಿದರೆ ನಾಲಗೆ ಸರಿದು ದಾರಿ ಬಿಡುತ್ತದೆ; ಬಿಟ್ಟರೆ ಮುಚ್ಚುತ್ತದೆ. ಇದು ಅರೆಬರೆ ಮುಚ್ಚುವ ಕವಾಟವಷ್ಟೆ. ಬಿರಡೆಯನ್ನು ಹಾಕುವವರೆಗೆ ಗಾಳಿ ಒಮ್ಮೆಲೇ ಹೊರಹೋಗದಂತೆ ತಡೆಯುವುದು ಇದರ ಕೆಲಸ. ಗಾಳಿಹಾಸಿಗೆಗಳಲ್ಲಿ ಕಾಣುವ ಬಾಸ್ಟನ್ ಕವಾಟವು ಇದರ ಸುಧಾರಿತ ರೂಪ. ಅದರಲ್ಲಿ ಅಗಲವಾದ ರಬ್ಬರ್ ಬಿಲ್ಲೆಯೊಂದು ಜಾಲರಿಯಂತಹ ಪೀಠದ ಕೆಳಗೆ ಕೂರುತ್ತದೆ. ಒಳಗಿನ ತಿರುಪನ್ನು ಬಿಚ್ಚಿದರೆ ಇಡೀ ಕವಾಟವೇ ಹೊರಬಂದು ದೊಡ್ಡ ಬಾಯಿ ತೆರೆಯುತ್ತದೆ.

ಸೂಜಿ ಕವಾಟ

ಕಾಲ್ಚೆಂಡು, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್‌ಗಳಲ್ಲಿ ರಬ್ಬರಿನ ದಪ್ಪ ಗುಬುಟಿನ ನಡುವೆ ಒಂದು ಸೀಳಿರುತ್ತದೆ. ಟೊಳ್ಳು ಸೂಜಿಯನ್ನು ಚುಚ್ಚಿದಾಗ ಸೀಳು ಅಗಲವಾಗುತ್ತದೆ, ಹೊರತೆಗೆದಾಗ ಸುತ್ತಲಿನ ರಬ್ಬರು ಅದನ್ನು ಒತ್ತಿ ಮುಚ್ಚುತ್ತದೆ. ಸೂಜಿಗೆ ಒಂದು ಹನಿ ಗ್ಲಿಸರಿನ್ ಅಥವಾ ನೀರನ್ನು ಸವರದೆ ಒಣಗಿದಂತೆಯೇ ಚುಚ್ಚಿದರೆ ಸೀಳಿನ ಅಂಚು ಹರಿದು ಚೆಂಡು ಕೆಡುತ್ತದೆ. ಕಾಲ್ಚೆಂಡಿನ ನಿಯಮಗಳ ಪ್ರಕಾರ ಚೆಂಡಿನ ಒತ್ತಡ 0.6ರಿಂದ 1.1 ವಾಯುಮಾನದೊಳಗೆ ಇರಬೇಕು.

ತೆಳುಹಾಳೆ ಕವಾಟ

ಲೋಹಲೇಪಿತ ಬಲೂನಿನ ಕತ್ತಿನಲ್ಲಿ ಎರಡು ತೆಳುವಾದ ಪ್ಲಾಸ್ಟಿಕ್ ಹಾಳೆಗಳನ್ನು ಅಂಚುಗಳಲ್ಲಿ ಮಾತ್ರ ಬೆಸೆದು ಚಪ್ಪಟೆಯಾದ ದಾರಿಯೊಂದನ್ನು ಮಾಡಿರುತ್ತಾರೆ. ಅನಿಲವು ಹಾಳೆಗಳನ್ನು ಬಿಡಿಸಿಕೊಂಡು ಒಳಹೋಗುತ್ತದೆ. ಬಲೂನು ತುಂಬಿದ ಬಳಿಕ ಒಳಗಿನ ಒತ್ತಡವು ಎರಡೂ ಹಾಳೆಗಳನ್ನು ಹೊರಬದಿಯಿಂದ ಅದುಮುತ್ತದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಲ್ಲುತ್ತವೆ. ಇದರಲ್ಲಿ ಪ್ರತ್ಯೇಕ ಬಿಡಿಭಾಗವೇ ಇಲ್ಲ. ತೆಳ್ಳಗಿನ ಹೀರುಕೊಳವೆಯೊಂದನ್ನು ತೂರಿಸಿದರೆ ಅನಿಲವನ್ನು ಮತ್ತೆ ಹೊರತೆಗೆಯಬಹುದು. ಒಡೆಯುವ ವಸ್ತುಗಳನ್ನು ಕಟ್ಟಿ ಕಳುಹಿಸುವಾಗ ಬಳಸುವ ಗಾಳಿದಿಂಬುಗಳಲ್ಲಿಯೂ ಇದೇ ವಿಧಾನವಿದೆ.

ಸ್ಥಿತಿಸ್ಥಾಪಕ ಉಂಗುರ

ಮಲೋನನ ನೀರಿನ ಬಲೂನುಗಳಲ್ಲಿ ಪ್ರತಿಯೊಂದು ಬಲೂನಿನ ಕತ್ತನ್ನು ಒಂದು ಕೊಳವೆಗೆ ತೊಡಿಸಿ, ಮೇಲೆ ಹಿಗ್ಗಿಸಿದ ರಬ್ಬರ್ ಉಂಗುರವನ್ನು ಹಾಕಿರುತ್ತಾರೆ. ನೀರು ತುಂಬಿದ ಬಲೂನುಗಳನ್ನು ಅಲುಗಿಸಿದಾಗ ಅವು ತಮ್ಮ ತೂಕದಿಂದಲೇ ಕೊಳವೆಯಿಂದ ಜಾರಿ ಬೀಳುತ್ತವೆ, ಉಂಗುರ ಕುಗ್ಗಿ ಕತ್ತನ್ನು ಬಿಗಿಯುತ್ತದೆ. ಉಂಗುರದ ಬಿಗಿತ ಹೆಚ್ಚಾದರೆ ಬಲೂನು ಜಾರದು, ಕಡಿಮೆಯಾದರೆ ತುಂಬುವ ಮೊದಲೇ ಬೀಳುತ್ತದೆ.

ವಿನ್ಯಾಸದ ಅಂಶಗಳು

ತುಂಬುವ ವಿಧಾನ. ಬಾಯಿಂದ ಊದುವ ವಸ್ತುವಿನಲ್ಲಿ ತೆರೆಯುವ ಒತ್ತಡ ತೀರ ಕಡಿಮೆಯಿರಬೇಕು. ಆರೋಗ್ಯವಂತ ವಯಸ್ಕರು ಗರಿಷ್ಠ ಬಲದಿಂದ ಊದಿದರೂ ಸುಮಾರು 10 ಕಿಲೋಪಾಸ್ಕಲ್ ಒತ್ತಡವನ್ನಷ್ಟೇ ಉಂಟುಮಾಡಬಲ್ಲರು, ಅದೂ ಕೆಲವು ಕ್ಷಣಗಳ ಮಟ್ಟಿಗೆ. ಚಕ್ರದ ಕವಾಟಕ್ಕೆ ಈ ಮಿತಿಯಿಲ್ಲ; ಪಂಪಿನ ಬಲ ಅಲ್ಲಿ ಸಾಕಷ್ಟಿದೆ.

ದ್ವಾರದ ಗಾತ್ರ. 200 ಲೀಟರ್ ಹಿಡಿಯುವ ಹಾಸಿಗೆಗೆ ಒಂದು ದೀರ್ಘ ಉಸಿರಿನಲ್ಲಿ ಎರಡು ಲೀಟರಿನಂತೆ ಊದಿದರೂ ನೂರು ಉಸಿರು ಬೇಕು. ದ್ವಾರ ಇಕ್ಕಟ್ಟಾಗಿದ್ದರೆ ಈ ಶ್ರಮ ಬಹಳ ಹೆಚ್ಚುತ್ತದೆ. ನಿಧಾನವಾದ ಹರಿವಿನಲ್ಲಿ ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಹರಿವಿಗೆ ಎದುರಾಗುವ ತಡೆ ಹದಿನಾರು ಪಟ್ಟಾಗುತ್ತದೆ. ಹೀಗಾಗಿ ದೊಡ್ಡ ಗಾತ್ರ ಮತ್ತು ಕಡಿಮೆ ಒತ್ತಡದ ವಸ್ತುಗಳಿಗೆ ಅಗಲ ಬಾಯಿ ಬೇಕು. ಸಣ್ಣ ಗಾತ್ರ ಮತ್ತು ಹೆಚ್ಚಿನ ಒತ್ತಡದ ವಸ್ತುಗಳಿಗೆ ಕಿರಿದಾದ ಬಾಯಿ ಸಾಕು.

ಪೀಠದ ಆಕಾರ. ಅಗಲವಾದ ಸಪಾಟು ಪೀಠದಲ್ಲಿ ಬಲ ಹಂಚಿಹೋಗುತ್ತದೆ. ಕಿರಿದಾದ ದುಂಡಂಚಿನ ಪೀಠದಲ್ಲಿ ಅದೇ ಬಲ ಒಂದು ಗೆರೆಯ ಮೇಲೆ ಕೇಂದ್ರೀಕೃತವಾಗಿ ಮೃದು ರಬ್ಬರಿನಲ್ಲಿ ಚೆನ್ನಾಗಿ ಕೂರುತ್ತದೆ. ಆದರೆ ಅಂಚು ತೀರ ಚೂಪಾದರೆ ರಬ್ಬರನ್ನು ಕೊರೆಯುತ್ತದೆ.

ವಸ್ತುವಿನ ಆಯ್ಕೆ. ನೈಸರ್ಗಿಕ ರಬ್ಬರು ಚೆನ್ನಾಗಿ ಹಿಗ್ಗಿ ಕುಗ್ಗುತ್ತದೆ, ಆದರೆ ಓಜೋನ್ ಮತ್ತು ಬಿಸಿಲಿಗೆ ಬಿರಿಯುತ್ತದೆ. ಇಪಿಡಿಎಂ ರಬ್ಬರು ಹವೆಯನ್ನು ತಾಳಿಕೊಳ್ಳುತ್ತದೆ, ನೈಟ್ರೈಲ್ ರಬ್ಬರು ಎಣ್ಣೆಯನ್ನು ತಾಳುತ್ತದೆ. ಸಿಲಿಕೋನ್ ರಬ್ಬರು ಶೀತೋಷ್ಣಗಳೆರಡರಲ್ಲಿಯೂ ಮೃದುವಾಗಿ ಉಳಿಯುತ್ತದೆಯಾದರೂ ಅನಿಲಗಳು ಅದರ ಮೂಲಕ ಸುಲಭವಾಗಿ ನುಸುಳುತ್ತವೆ. ಬಹುಕಾಲ ಒತ್ತಿಹಿಡಿದ ರಬ್ಬರು ಮತ್ತೆ ಪೂರ್ತಿ ಮೇಲೇಳದೆ ತಗ್ಗು ಉಳಿಸಿಕೊಳ್ಳುವುದು ಸಾಮಾನ್ಯ. ಇಂತಹ ತಗ್ಗು ಕಡಿಮೆ ಉಳಿಯುವ ವಸ್ತುವನ್ನು ಆರಿಸಬೇಕಾಗುತ್ತದೆ.

ಜೋಡಣೆ. ಕವಾಟವು ಎಷ್ಟೇ ಉತ್ತಮವಾಗಿದ್ದರೂ ಅದನ್ನು ಚೀಲದ ಗೋಡೆಗೆ ಬೆಸೆದಿರುವ ಜಾಗ ದುರ್ಬಲವಾಗಿದ್ದರೆ ಗಾಳಿ ಅಲ್ಲಿಂದ ಸೋರುತ್ತದೆ. ಗಡುಸಾದ ಕವಾಟ ಮತ್ತು ಬಾಗುವ ಹಾಳೆಗಳ ನಡುವಿನ ಅಂಚಿನಲ್ಲಿ ಮಡಿಕೆಯ ಒತ್ತಡ ಸೇರುವುದರಿಂದ ಅಲ್ಲಿ ಅಗಲವಾದ ಮೃದು ಚಾಚನ್ನು ಒದಗಿಸುತ್ತಾರೆ.

ಕಸ ಮತ್ತು ಧೂಳು. ಒಂದು ಮರಳಿನ ಕಣ ಪೀಠದ ಮೇಲೆ ಕುಳಿತರೂ ಮುಚ್ಚಳ ಪೂರ್ತಿ ಕೂರದು. ಹೊರಬಿರಡೆ ಅಥವಾ ಟೋಪಿಯನ್ನು ವಿನ್ಯಾಸದ ಅಂಗವಾಗಿಯೇ ಪರಿಗಣಿಸಬೇಕು.

ಬಿಡುಗಡೆ. ತಾನಾಗಿ ಮುಚ್ಚುವ ಕವಾಟವನ್ನು ಬೇಕೆಂದೇ ತೆರೆಯುವ ದಾರಿ ಇರಬೇಕು; ಆದರೆ ಅದು ಆಕಸ್ಮಿಕವಾಗಿ ತೆರೆದುಕೊಳ್ಳಬಾರದು. ಗುಂಡಿಯನ್ನು ಹಳ್ಳದೊಳಗೆ ಇಡುವುದು, ಒತ್ತಿ ತಿರುಗಿಸಬೇಕಾದ ರಚನೆ, ಕಡ್ಡಿಯನ್ನು ಟೋಪಿಯಿಂದ ಮುಚ್ಚುವುದು ಇದಕ್ಕಾಗಿ ಇರುವ ಉಪಾಯಗಳು.

ಸೋರಿಕೆ ಮತ್ತು ಪರೀಕ್ಷೆ

ಒತ್ತಡ ಇಳಿದಿರುವುದೆಲ್ಲವೂ ಸೋರಿಕೆಯಲ್ಲ. ಸಂಜೆ 35 ಡಿಗ್ರಿ ಸೆಲ್ಸಿಯಸ್ ಇರುವಾಗ 3 ಕಿಲೋಪಾಸ್ಕಲ್ ಮಾಪಕ ಒತ್ತಡಕ್ಕೆ ತುಂಬಿದ ಹಾಸಿಗೆಯನ್ನು ಪರಿಗಣಿಸಬಹುದು. ವಾಯುಮಂಡಲದ ಒತ್ತಡವೂ ಸೇರಿ ಅದರೊಳಗಿನ ಒಟ್ಟು ಒತ್ತಡ ಸುಮಾರು 104 ಕಿಲೋಪಾಸ್ಕಲ್. ಬೆಳಗಿನ ಜಾವ ಉಷ್ಣತೆ 25 ಡಿಗ್ರಿಗೆ ಇಳಿದರೆ, ಗಾತ್ರ ಬದಲಾಗದಿದ್ದ ಪಕ್ಷದಲ್ಲಿ, ಒಟ್ಟು ಒತ್ತಡ 308ಕ್ಕೆ 10ರ ಪ್ರಮಾಣದಲ್ಲಿ, ಎಂದರೆ ಸುಮಾರು 3.4 ಕಿಲೋಪಾಸ್ಕಲ್‌ನಷ್ಟು ಕುಸಿಯುತ್ತದೆ. ತುಂಬಿದ್ದ ಹೆಚ್ಚುವರಿ ಒತ್ತಡವೇ 3 ಕಿಲೋಪಾಸ್ಕಲ್ ಆದುದರಿಂದ ಒಂದು ಹನಿ ಗಾಳಿಯೂ ಸೋರದೆ ಹಾಸಿಗೆ ಮೆತ್ತಗಾಗಿರುತ್ತದೆ. ನದಿಯ ನೀರಿಗಿಳಿದ ದೋಣಿ ತಂಪಾಗಿ ಸಡಿಲಗೊಳ್ಳುವುದಕ್ಕೂ, ದಡದ ಬಿಸಿಲಿನಲ್ಲಿ ಬಿಟ್ಟ ದೋಣಿ ಅಪಾಯಕರವಾಗಿ ಬಿಗಿಯುವುದಕ್ಕೂ ಇದೇ ಕಾರಣ.

ನಿಜವಾದ ಸೋರಿಕೆಯ ಪ್ರಮಾಣವನ್ನೂ ಅಂದಾಜು ಮಾಡಬಹುದು. 200 ಲೀಟರಿನ ಹಾಸಿಗೆಯ ಒತ್ತಡವು, ಉಷ್ಣತೆ ಮತ್ತು ಗಾತ್ರ ಬದಲಾಗದೆ, 8 ಗಂಟೆಗಳಲ್ಲಿ 1 ಕಿಲೋಪಾಸ್ಕಲ್ ಇಳಿದರೆ ಹೊರಹೋದ ಗಾಳಿ ಸುಮಾರು 2 ಲೀಟರ್, ಎಂದರೆ ನಿಮಿಷಕ್ಕೆ 4 ಮಿಲಿಲೀಟರ್. ಕಿವಿಗೆ ಕೇಳದ ಇಷ್ಟು ಸಣ್ಣ ಸೋರಿಕೆಯೇ ಒಂದು ರಾತ್ರಿಯ ನಿದ್ರೆ ಕೆಡಿಸಲು ಸಾಕು.

ಸೋರಿಕೆಯ ಜಾಗವನ್ನು ಪತ್ತೆಹಚ್ಚಲು ಸಾಬೂನಿನ ನೀರನ್ನು ಹಚ್ಚಿ ಗುಳ್ಳೆ ಏಳುವುದನ್ನು ನೋಡುವುದು ಅಥವಾ ವಸ್ತುವನ್ನು ನೀರಿನಲ್ಲಿ ಮುಳುಗಿಸುವುದು ರೂಢಿ. ಸೈಕಲ್ ರಿಪೇರಿ ಮಾಡುವವರು ಕವಾಟದ ಬಾಯಿಗೆ ಬೆರಳಿನಿಂದ ಎಂಜಲು ಸವರಿ ಗುಳ್ಳೆಯನ್ನು ನೋಡುವುದೂ ಇದೇ ಪರೀಕ್ಷೆ. ಕಾರ್ಖಾನೆಗಳಲ್ಲಿ ಒತ್ತಡದ ಇಳಿಕೆಯನ್ನು ಸೂಕ್ಷ್ಮ ಮಾಪಕಗಳಿಂದ ಅಳೆಯುತ್ತಾರೆ. ಕವಾಟವನ್ನು ಅನೇಕ ಬಾರಿ ತೆರೆದು ಮುಚ್ಚಿ, ಶಾಖ, ಶೀತ, ಉಪ್ಪುನೀರು ಮತ್ತು ಧೂಳುಗಳಿಗೆ ಒಡ್ಡಿ ಮತ್ತೆ ಪರೀಕ್ಷಿಸುವುದು ಅಗತ್ಯ; ಹೊಸ ಕವಾಟವೊಂದು ಮೊದಲ ದಿನ ಸೋರದಿರುವುದು ಅದರ ಬಾಳಿಕೆಗೆ ಪ್ರಮಾಣವಾಗದು.

ಜೀವರಕ್ಷಕ ಸಾಧನಗಳಲ್ಲಿ

ಗಾಳಿ ತುಂಬುವ ಜೀವರಕ್ಷಕ ಜಾಕೆಟ್ಟಿನಲ್ಲಿ ಸಣ್ಣ ಸಿಲಿಂಡರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಕ್ಷಣಾರ್ಧದಲ್ಲಿ ಚೀಲವನ್ನು ತುಂಬುತ್ತದೆ. ಸಿಲಿಂಡರ್ ವಿಫಲವಾದರೆ ಅಥವಾ ಚೀಲ ಸಡಿಲವಾದರೆ ಬಾಯಿಂದ ಊದಲು ಒಂದು ಕೊಳವೆಯಿರುತ್ತದೆ. ವಿಮಾನದಲ್ಲಿ ಸುರಕ್ಷತಾ ಸೂಚನೆ ನೀಡುವಾಗ ಸಿಬ್ಬಂದಿ ತೋರಿಸುವುದು ಇದೇ ಕೊಳವೆಯನ್ನು. ಅದರೊಳಗಿನ ಏಕಮುಖ ಕವಾಟವು ನೀರಿನಲ್ಲಿ ತೇಲುತ್ತಿರುವ, ದಣಿದ ವ್ಯಕ್ತಿಯ ಉಸಿರಿಗೆ ತೆರೆಯಬೇಕು. ಅಲೆಗಳ ಹೊಡೆತಕ್ಕೆ ತೆರೆಯಬಾರದು. ಖಾಸಗಿಯಾಗಿ ಇಂತಹ ಜಾಕೆಟ್ ಇಟ್ಟುಕೊಂಡವರು ಆಗಾಗ ಅದನ್ನು ಊದಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಗಟ್ಟಿಯಾಗಿಯೇ ಇದೆಯೇ ಎಂದು ನೋಡುವುದು ರೂಢಿಯ ಪರೀಕ್ಷೆ.

ನದಿಯ ರಭಸದಲ್ಲಿ ಬಳಸುವ ರಬ್ಬರ್ ದೋಣಿಗಳಲ್ಲಿ ಗಾಳಿಯ ಹಲವು ಪ್ರತ್ಯೇಕ ಕೋಣೆಗಳಿದ್ದು, ಪ್ರತಿಯೊಂದಕ್ಕೂ ತನ್ನದೇ ಕವಾಟವಿರುತ್ತದೆ. ಒಂದು ಕೋಣೆ ಬರಿದಾದರೂ ದೋಣಿ ತೇಲುತ್ತಿರಬೇಕೆಂಬುದು ಇದರ ಉದ್ದೇಶ. ಕರ್ನಾಟಕದಲ್ಲಿ ದಾಂಡೇಲಿಯ ಬಳಿ ಕಾಳಿ ನದಿಯಲ್ಲಿ ಸಾಹಸಕ್ರೀಡೆಗೆ ಬಳಸುವುದು ಇಂತಹ ದೋಣಿಗಳನ್ನೇ. ಇವುಗಳ ಒತ್ತಡ ಸಾಮಾನ್ಯವಾಗಿ 14ರಿಂದ 17 ಕಿಲೋಪಾಸ್ಕಲ್, ಕಾರಿನ ಚಕ್ರದ ಒತ್ತಡದ ಹತ್ತನೆಯ ಒಂದು ಭಾಗಕ್ಕೂ ಕಡಿಮೆ.

ವೈದ್ಯಕೀಯದಲ್ಲಿ

ರಕ್ತದೊತ್ತಡ ಅಳೆಯುವ ಉಪಕರಣದ ರಬ್ಬರ್ ಬುರುಡೆಯಲ್ಲಿ ಏಕಮುಖ ಕವಾಟವಿದೆ. ತೋಳಿಗೆ ಸುತ್ತಿದ ಪಟ್ಟಿಯಿಂದ ಗಾಳಿಯನ್ನು ನಿಧಾನವಾಗಿ ಬಿಡಲು ಪ್ರತ್ಯೇಕ ತಿರುಪು ಇದೆ. ತುಂಬುವ ಮತ್ತು ಬಿಡುವ ಕೆಲಸಗಳನ್ನು ಎರಡು ಕವಾಟಗಳಿಗೆ ಹಂಚಿದ ಸರಳ ಉದಾಹರಣೆಯಿದು.

ಅರಿವಳಿಕೆ ಮತ್ತು ತೀವ್ರನಿಗಾ ಘಟಕಗಳಲ್ಲಿ ಶ್ವಾಸನಾಳಕ್ಕೆ ಇಳಿಸುವ ನಳಿಕೆಯ ತುದಿಯಲ್ಲಿ ಗಾಳಿ ತುಂಬಿದ ಪಟ್ಟಿಯಿರುತ್ತದೆ. ಅದರ ಒತ್ತಡವು 20ರಿಂದ 30 ಸೆಂಟಿಮೀಟರ್ ನೀರಿನ ಕಂಬಕ್ಕೆ ಸಮನಾಗಿರಬೇಕು. ಕಡಿಮೆಯಾದರೆ ಬಾಯಿಯ ಸ್ರಾವಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ತಲುಪದೆ ಹುಣ್ಣಾಗುತ್ತದೆ. ಹೊರಗಡೆ ಉಳಿಯುವ ಸಣ್ಣ ಸೂಚಕ ಬಲೂನಿನ ಸ್ಪ್ರಿಂಗ್ ಕವಾಟವು ಸಿರಿಂಜಿನ ಮೂತಿ ತಾಗಿದಾಗ ಮಾತ್ರ ತೆರೆಯುತ್ತದೆ. ಈ ಕವಾಟ ಬಿರುಕುಬಿಟ್ಟರೆ, ರೋಗಿಯ ಉಸಿರಾಟ ಯಂತ್ರದ ಮೇಲೆ ಅವಲಂಬಿತವಾಗಿರುವಾಗಲೇ, ಇಡೀ ನಳಿಕೆಯನ್ನು ಬದಲಿಸಬೇಕಾದ ಸಂದರ್ಭ ಬರಬಹುದು.

ಮೂತ್ರಕೋಶಕ್ಕೆ ಹಾಕುವ ಫೋಲಿ ಕೆತೀಟರ್ 1930ರ ದಶಕದಿಂದ ಬಳಕೆಯಲ್ಲಿದೆ. ಅಮೆರಿಕದ ಶಸ್ತ್ರಚಿಕಿತ್ಸಕ ಫ್ರೆಡರಿಕ್ ಫೋಲಿಯ ಹೆಸರು ಅದಕ್ಕಿದೆ. ಅದು ಜಾರದಂತೆ ತಡೆಯುವ ಬಲೂನನ್ನು ಏಕಮುಖ ಕವಾಟದ ಮೂಲಕ ಶುದ್ಧೀಕರಿಸಿದ ನೀರಿನಿಂದ ತುಂಬುತ್ತಾರೆ. ಲವಣದ್ರಾವಣವನ್ನು ಬಳಸಿದರೆ ಉಪ್ಪಿನ ಹರಳುಗಳು ಕಿರಿದಾದ ದಾರಿಯನ್ನು ಕಟ್ಟಿಹಾಕುವ ಸಂಭವವಿದೆ. ಇಲ್ಲಿ ಕವಾಟವು ಮುಚ್ಚದಿರುವುದಕ್ಕಿಂತ ತೆರೆಯದಿರುವುದೇ ದೊಡ್ಡ ತೊಂದರೆ: ಬಲೂನಿನ ನೀರು ಹೊರಬಾರದಿದ್ದರೆ ಕೆತೀಟರನ್ನು ತೆಗೆಯಲಾಗದು. ಬಲವಂತವಾಗಿ ಎಳೆದರೆ ಮೂತ್ರನಾಳಕ್ಕೆ ಗಾಯವಾಗುವುದರಿಂದ ಇಂತಹ ಸಂದರ್ಭವನ್ನು ವೈದ್ಯರೇ ನಿಭಾಯಿಸಬೇಕು.

ನಿರ್ವಹಣೆ

ಗೃಹಬಳಕೆಯ ವಸ್ತುಗಳಲ್ಲಿ ಕವಾಟ ಕೆಡುವುದಕ್ಕೆ ಸಾಮಾನ್ಯ ಕಾರಣಗಳು ಮರಳು ಮತ್ತು ಧೂಳು, ಹಳತಾದ ರಬ್ಬರು, ಬಿರಡೆಯನ್ನು ಹಾಕದಿರುವುದು ಮತ್ತು ಅತಿಯಾದ ಒತ್ತಡ. ಕವಾಟವನ್ನು ಶುದ್ಧ ನೀರಿನಿಂದ ತೊಳೆದು ಒಣಗಿಸಿದರೆ ಅನೇಕ ಬಾರಿ ಸೋರಿಕೆ ನಿಲ್ಲುತ್ತದೆ. ಖನಿಜ ತೈಲ ಮತ್ತು ಗ್ರೀಸುಗಳು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಕೆಡಿಸುವುದರಿಂದ ಅವನ್ನು ಹಚ್ಚಬಾರದು. ಗಾಳಿಹಾಸಿಗೆ ಮತ್ತು ದೋಣಿಗಳನ್ನು ಮಡಿಸಿಡುವಾಗ ಕವಾಟದ ಮೇಲೆ ಮಡಿಕೆ ಬೀಳದಂತೆ ನೋಡಿಕೊಳ್ಳಬೇಕು.

ಇವನ್ನೂ ನೋಡಿ

ಏಕಮುಖ ಕವಾಟ
ಗಾಳಿಚಕ್ರ
ಸೈಕಲ್ ಪಂಪು
ತಿದಿ
ಜೀವರಕ್ಷಕ ಜಾಕೆಟ್
ಹೃದಯದ ಕವಾಟಗಳು